ಪ್ಲಗ್ ತೆಗೆದವನ ಹೇಳಿಕೆ

ಮೇ ಇಪ್ಪತ್ತನಾಲ್ಕು, ಶನಿವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷ. ಸ್ಥಳ, ಸಿದ್ದಾಪುರದ ನಮ್ಮ ಮನೆಯ ರಸ್ತೆ ಕಡೆಯ ಕೋಣೆ. ಹಾಜರಿದ್ದವರು: ಮೊಮ್ಮಗಳು ಅನಘಾ, ಲ್ಯಾಪ್‌ಟಾಪಿನ ಕ್ಯಾಮೆರಾದಿಂದ ಅವಳನ್ನು ಕಾಯುತ್ತಿದ್ದ ಪರದೇಶದ ಒಬ್ಬ ಮೇಲ್ವಿಚಾರಕ, ಮತ್ತು ಅಲ್ಲಿ ಹಾಜರಿರಲೇಬಾರದಾಗಿದ್ದ ನಾನು.

ಹೀಗೆ ಬರೆಯುವುದು ನನ್ನ ಚಟ. ಶಿರಸಿ, ಯಲ್ಲಾಪುರ, ಮಂಚಿಕೇರಿ ಎಂದು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಮೂವತ್ತೈದು ವರ್ಷ ಫಾಲ್ಟ್ ರಿಜಿಸ್ಟರ್ ಬರೆದವನು. ದಿನಾಂಕ, ವೇಳೆ, ಹಾಜರಿದ್ದವರು, ದೋಷ, ಕಾರಣ, ಸರಿಪಡಿಸಿದ ವೇಳೆ, ಸಹಿ. ನಿವೃತ್ತನಾದ ಮರುದಿನವೇ ಒಂದು ಉದ್ದ ಪುಸ್ತಕ ತಂದು ಅದೇ ಕಾಲಂಗಳನ್ನು ಗೆರೆ ಎಳೆದು ಮನೆಗೂ ಶುರುಮಾಡಿದೆ. ಮಿಕ್ಸರ್ ಕೆಟ್ಟಿದ್ದು, ಬಚ್ಚಲ ನಲ್ಲಿ ಸೋರಿದ್ದು ಎಲ್ಲವೂ ಅದರಲ್ಲಿದೆ. ನನ್ನ ಹೆಂಡತಿ ಸಾವಿತ್ರಿ ಅದನ್ನು ನೋಡಿ, “ಎನ್ನ ಸೊಂಟನೋವನ್ನೂ ಬರ್ಕಳಿ, ರಿಪೇರಿ ಆದ್ರೂ ಆಗ್ತು” ಎನ್ನುತ್ತಿದ್ದಳು. ಕಳೆದ ತಿಂಗಳು ಅವಳ ಜ್ವರವನ್ನು ಬರೆದುಕೊಂಡೆ. ಆ ಸಾಲಿನಲ್ಲಿ ‘ಸರಿಪಡಿಸಿದ ವೇಳೆ’ ಖಾಲಿ ಇದೆ.

ಅನಘಾ ಬಂದದ್ದು ಅದಕ್ಕೇ. ಪರದೇಶದಲ್ಲಿ ಅವಳು ಐಟಿ ಇನ್‌ಫ್ರಾಸ್ಟ್ರಕ್ಚರ್ ಓದುತ್ತಾಳೆ. ಹಾಗೆಂದರೆ ಏನೆಂದು ಮೊದಲ ವರ್ಷವೇ ಕೇಳಿದ್ದೆ. “ನೀ ಮಾಡಿದ್ದ ಕೆಲ್ಸವೇ ಅಜ್ಜ. ಸಾಮಾನು ದೊಡ್ಡದು, ಅಷ್ಟೇಯ” ಎಂದಳು. ಕಂಪ್ಯೂಟರುಗಳನ್ನು ಸಾಲಾಗಿ ನಿಲ್ಲಿಸಿದ ತಣ್ಣನೆಯ ಕೋಣೆ, ಗಂಟುಗಟ್ಟಲೆ ಕೇಬಲ್ಲು, ಪಕ್ಕದಲ್ಲಿ ಬ್ಯಾಟರಿ ಕೋಣೆ. ಬ್ಯಾಟರಿ ಎಂದ ಮೇಲೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಫೋನ್ ಮಾಡಿದಾಗ ಮನೆಯವರೆಲ್ಲ ಊಟ ತಿಂಡಿ ಕೇಳಿದ ಮೇಲೆ ನನ್ನ ಸರದಿ. ನಾನು ಬ್ಯಾಟರಿಯ ಕ್ಷೇಮ ಸಮಾಚಾರ ಕೇಳುತ್ತಿದ್ದೆ. ಒಮ್ಮೆ, “ಅಲ್ಲಿ ಗುಡುಗು ಬಂದ್ರೆ ಎಂತ ಮಾಡ್ತ?” ಎಂದು ಕೇಳಿದೆ. “ಎಂತದೂ ಇಲ್ಲೆ. ಬಂದ್ ಮಾಡೂ ಹಾಂಗೇ ಇಲ್ಲೆ ಅಜ್ಜ. ಒಂದು ಹೋದ್ರೆ ಇನ್ನೊಂದು ನಡೀತು” ಎಂದಳು. ಅಂಥ ಕೋಣೆಯಲ್ಲಿ ನಾನಂತೂ ಒಂದು ದಿನ ಬಾಳಲಾರೆ ಎಂದುಕೊಂಡೆ.

ಯಾಕೆಂದರೆ ನನಗೊಂದು ನಿಯಮವಿದೆ. ಮೊದಲ ಗುಡುಗಿಗೆ ಎದ್ದು ಪ್ಲಗ್ ತೆಗೆಯುವುದು. ಟಿವಿ, ಫ್ರಿಜ್, ಮೋಡೆಮ್, ಯಾವುದಕ್ಕೂ ವಿನಾಯಿತಿ ಇಲ್ಲ. ನಮ್ಮ ಕಡೆ ಎಲ್ಲರೂ ಹೀಗೆ ಮಾಡುತ್ತಾರೆ, ನಿಜ. ಆದರೆ ಅವರು ಆಕಾಶ ನೋಡಿ ತೆಗೆಯುತ್ತಾರೆ, ನಾನು ಸದ್ದು ಕೇಳಿ ತೆಗೆಯುತ್ತೇನೆ. ಮನ್ಮನೆ ಊರಿನಲ್ಲಿ ನೆಂಟರ ಉಪನಯನದ ದಿನ ಹಿತ್ತಿಲಲ್ಲಿ ಯಾರೋ ಟ್ರ್ಯಾಕ್ಟರಿನಿಂದ ಕಲ್ಲು ಸುರಿದರು. ಸದ್ದು ನಿಲ್ಲುವುದರೊಳಗೆ ನಾನು ಮೈಕ್‌ಸೆಟ್ಟಿನ ಪ್ಲಗ್ ಕೈಯಲ್ಲಿ ಹಿಡಿದು ನಿಂತಿದ್ದೆ. ತಲೆಯ ಮೇಲೆ ಸುಡುಬಿಸಿಲು. ಅಂದಿನಿಂದ ಸಾವಿತ್ರಿ ಗುಡುಗು ಕೇಳಿದರೆ ಮೊದಲು ನನ್ನ ಅಂಗಿಯ ತುದಿ ಹಿಡಿಯುತ್ತಿದ್ದಳು. “ಸುಮ್ನೆ ಕೂತ್ಕಳಿ. ನಿಂಗಕ್ಕೆ ಗುಡುಗು ಕೇಳಿರೆ ಮೈಮೇಲೆ ಬತ್ತು.” ತೆಗೆಯಬೇಕೋ ಬೇಡವೋ ಎಂದು ಅವಳು ಕಿಟಕಿಯಲ್ಲಿ ಇಣುಕಿ ಹೇಳಿದ ಮೇಲೆ ಅಂಗಿ ಬಿಡುತ್ತಿದ್ದಳು.

ಅಜ್ಜಿ ತೀರಿಕೊಂಡ ಮೂರನೆಯ ದಿನ ಅನಘಾ ಬಂದು ಮುಟ್ಟಿದಳು. ಮುಖ ನೋಡಲು ಸಿಗಲಿಲ್ಲ, ಪರೀಕ್ಷೆಯೊಂದೂ ತಪ್ಪಿತು. ಮನೆಯಿಂದಲೇ ಇನ್ನೊಮ್ಮೆ ಬರೆಯಲು ಅವರ ವಿಶ್ವವಿದ್ಯಾಲಯ ಒಪ್ಪಿತು. ಈ ವಿಷಯ ಪಾಸಾಗದಿದ್ದರೆ ಅಲ್ಲಿ ಹೆಸರು ಹೋಗುತ್ತದೆ, ಹೆಸರು ಹೋದರೆ ವೀಸಾ ಹೋಗುತ್ತದೆ. ಷರತ್ತು ಒಂದೇ: ಮೂರು ಗಂಟೆ ಕಾಲ ಕೋಣೆಗೆ ಯಾರೂ ಬರಕೂಡದು, ನೆಟ್ ಕಡಿಯಕೂಡದು. ಪಕ್ಕದ ಮನೆಯ ಲಾರಿ ಮಾಲೀಕ ರಫೀಕ್ ಸಾಹೇಬರು ತಮ್ಮ ಇನ್ವರ್ಟರನ್ನೇ ಹೊತ್ತು ತಂದು ಜೋಡಿಸಿದರು. “ಕರೆಂಟ್ ಹೋಗ್ಲಿ ಭಟ್ರೇ, ಮಗೂ ಪರೀಕ್ಷೆ ನಿಲ್ಲೂದಿಲ್ಲ.” ಬಾಗಿಲು ಕಾಯಲು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಶಿಸ್ತಿನ ಮನುಷ್ಯ ಮನೆಯಲ್ಲೇ ಇದ್ದನಲ್ಲ.

ಎರಡು ಗಂಟೆಗೆ ಕುರ್ಚಿ ಹಾಕಿ ಕುಳಿತೆ. ತರಕಾರಿಯವಳನ್ನು ಗೇಟಿನಿಂದಲೇ ಕಳಿಸಿದೆ, ಬೆಕ್ಕನ್ನು ಎರಡು ಸಲ ಅಟ್ಟಿದೆ, ನನ್ನ ಮಗ ಶ್ರೀಧರ ಸ್ವಂತ ಮಗಳ ಕೋಣೆಗೆ ನೀರಿನ ಲೋಟ ಒಯ್ಯಲು ಬಂದರೆ ಅವನನ್ನೂ ತಡೆದೆ. ಮೂರು ನಲವತ್ತೆರಡಕ್ಕೆ ಗುಡುಗಿತು. ಅಂಗಿ ಹಿಡಿಯುವವರು ಯಾರೂ ಇರಲಿಲ್ಲ. ನಾನು ಎದ್ದೆ, ಬಾಗಿಲು ತೆಗೆದೆ, ಅವಳ ಕುರ್ಚಿಯ ಹಿಂದಿನ ಗೋಡೆಯಿಂದ ಮೋಡೆಮಿನ ಪ್ಲಗ್ ಕಿತ್ತೆ. ಕಿತ್ತ ಮೇಲೆ ಪ್ಲಗ್ಗನ್ನೂ ಅವಳ ಬೆನ್ನನ್ನೂ ನೋಡಿದೆ.

ಅವಳು ಕೂಗಲಿಲ್ಲ. ಕೈ ಇನ್ನೂ ಕೀಲಿಮಣೆಯ ಮೇಲೇ ಇತ್ತು. “ಇನ್ನೂ ಎರಡು ಪ್ರಶ್ನೆ ಇತ್ತು ಅಜ್ಜ” ಎಂದಳು. ಬರೆಯುತ್ತಿದ್ದ ಉತ್ತರ ಯಾವುದಕ್ಕೆ ಎಂದು ಆಮೇಲೆ ಕೇಳಿದೆ, ಕೇಳಬಾರದಿತ್ತು. ವಿದ್ಯುತ್ ಸಂಪರ್ಕ ಕಡಿದಾಗಲೂ ಸೇವೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯಂತೆ.

ಪ್ಲಗ್ ಮತ್ತೆ ಸಿಕ್ಕಿಸಿದರೂ ಪರೀಕ್ಷೆ ತೆರೆಯಲಿಲ್ಲ. ಐದೂವರೆಗೆ ವಿಶ್ವವಿದ್ಯಾಲಯದ ಮೇಲ್ ಬಂತು. ಜೊತೆಗೊಂದು ಚಿತ್ರ. ಅನಘಾಳ ಭುಜದ ಹಿಂದೆ ಒಂದು ಮುದಿ ಕೈ, ಮಣಿಕಟ್ಟಿನಲ್ಲಿ ನನ್ನ ಗಡಿಯಾರ. ಗಡಿಯಾರ ಸರಿಯಾದ ವೇಳೆ ತೋರಿಸುತ್ತಿತ್ತು. ಆ ಚಿತ್ರದಲ್ಲಿ ನನ್ನ ಪರವಾಗಿ ಇದ್ದದ್ದು ಅದೊಂದೇ. ಒಳಗೆ ಬಂದ ವ್ಯಕ್ತಿ ಯಾರು, ಸಂಪರ್ಕ ಕಡಿದದ್ದೇಕೆ ಎಂದು ಆ ವ್ಯಕ್ತಿಯೇ ಇಂದೇ ಲಿಖಿತ ಹೇಳಿಕೆ ಕೊಡಬೇಕು. ಸಿಡಿಲು ಮಳೆಯಂಥ ಕಾರಣವಾದರೆ ಹೊಸ ಪರೀಕ್ಷೆ. ಮನುಷ್ಯ ಕಾರಣವಾದರೆ ಸಮಿತಿಯ ಮುಂದೆ ಹೋಗುತ್ತದೆ, ಸಮಿತಿ ಏನನ್ನುತ್ತದೋ ಅದು.

“ಸಿಡಿಲು ಹೇಳಿ ಬರದ್ಬಿಡು ಅಪ್ಪ. ಗುಡುಗು ಬಂದಿತ್ತಲ, ಪೂರಾ ಸುಳ್ಳೂ ಅಲ್ಲ” ಎಂದ ಶ್ರೀಧರ. ರಫೀಕ್ ಸಾಹೇಬರು ಇನ್ನೂ ಮುಂದೆ ಹೋದರು. “ಮೋಡೆಮ್ಮಿಂದ ಕಿಡಿ ಹಾರ್ತು, ಅಜ್ಜ ಓಡಿ ಬಂದು ಮಗೂನ ಉಳಿಸಿದ್ರು. ನಾನೂ ಕಂಡೀನಿ ಅಂತ ಸೈ ಹಾಕ್ತೀನಿ. ನಮ್ಮನೆ ನೆಟ್ ನಡೀತಾ ಇತ್ತು ಅನ್ನೋದು ಅವ್ರಿಗೇನ್ ಗೊತ್ತು?” ಅನಘಾ ನನ್ನನ್ನು ನೋಡಿದಳು. ಸುಲಭದ ಕೆಲಸ. ಕಾರಣದ ಕಾಲಂನಲ್ಲಿ ‘ಸಿಡಿಲು’ ಎಂದು ಬರೆದು ನನಗೆ ರೂಢಿಯೂ ಇತ್ತು.

ಆಗ ನಾನು, ಸಾವಿತ್ರಿಗಲ್ಲದೆ ಬೇರೆ ಯಾರಿಗೂ ಹೇಳದ್ದನ್ನು ಹೇಳಿದೆ. ಮಂಚಿಕೇರಿಯಲ್ಲಿ ಹೊಸದಾಗಿ ಇದ್ದಾಗ ಬ್ಯಾಟರಿಗಳಿಗೆ ನೀರು ಹಾಕುವುದನ್ನು ಅನೇಕ ದಿನ ಮರೆತೆ. ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಒಣಗಿದ ಬ್ಯಾಟರಿ ಕೈಕೊಟ್ಟು ಇಡೀ ಎಕ್ಸ್‌ಚೇಂಜ್ ಸತ್ತಿತು. ಹತ್ತಿರದ ಹಳ್ಳಿಯವನೊಬ್ಬ ಸೈಕಲ್ಲಿನಲ್ಲಿ ಬಂದ. ತಾಯಿಗೆ ಎದೆನೋವು, ಡಾಕ್ಟರಿಗೆ ಫೋನ್ ಹತ್ತಲಿಲ್ಲ ಎಂದ. ಆಕೆ ಅದೇ ಸಂಜೆ ತೀರಿಕೊಂಡಳು. ಫೋನ್ ಇದ್ದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ರಿಜಿಸ್ಟರಿನಲ್ಲಿ ಕಾರಣ: ಸಿಡಿಲು. ಮೇ ತಿಂಗಳು, ಯಾರೂ ಕೇಳಲಿಲ್ಲ. ಕೆಲವು ದಿನದ ಮೇಲೆ ಆ ಮನುಷ್ಯನೇ ನನ್ನ ಹೆಗಲು ಮುಟ್ಟಿ, “ಸಿಡಿಲಿಗೆ ಯಾರೇನು ಮಾಡೋಕಾಗ್ತದೆ ಸ್ವಾಮಿ” ಎಂದು ಸಮಾಧಾನ ಹೇಳಿ ಹೋದ. ಪ್ಲಗ್ ತೆಗೆಯುವ ನಿಯಮ ಶುರುವಾದದ್ದು ಅಲ್ಲಿಂದ. ಬರದಿದ್ದ ಸಿಡಿಲಿಗೆ ಹೆದರಿ ಇಷ್ಟು ವರ್ಷ ಶಿಸ್ತು ಪಾಲಿಸಿದೆ.

ರಫೀಕ್ ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಶ್ರೀಧರ ಕಿಟಕಿಯ ಕಡೆ ತಿರುಗಿದ. ಅನಘಾ ಮಾತ್ರ, “ಅಜ್ಜಿ ಎಂತ ಹೇಳಿತ್ತು?” ಎಂದು ಕೇಳಿದಳು.

“ಎಂತದೂ ಹೇಳಿದ್ದಿಲ್ಲೆ. ಅಂಗಿ ಹಿಡ್ಕಂಡು ಕೂತಿತ್ತು.”

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. “ಲಾಗ್ ರಿಜಿಸ್ಟರ್ ತಿದ್ದಿದವಂಗೆ ಕಂಪ್ಯೂಟರ್ ಕೋಣೆ ಬಾಗ್ಲು ಮತ್ತೆ ತೆಗೆಯದಿಲ್ಲೆ ಅಜ್ಜ, ಅದು ಎಂಗಕ್ಕೆ ಮೊದ್ಲನೇ ಪಾಠ. ಹೇಳು, ಆನು ಟೈಪ್ ಮಾಡ್ತೆ.”

ದಿನಾಂಕ, ವೇಳೆ, ಹಾಜರಿದ್ದವರು ಎಂದು ನನ್ನ ಕ್ರಮದಲ್ಲೇ ಹೇಳುತ್ತ ಹೋದೆ. ಕಾರಣ ಎಂಬಲ್ಲಿ ಬಂದಾಗ ನನ್ನ ಪೂರ್ತಿ ಹೆಸರು ಹೇಳಿದೆ, ಮನೆತನದ ಹೆಸರೂ ಸೇರಿಸಿ. ಸಮಿತಿಗೆ ಅಷ್ಟು ಉದ್ದ ಬೇಕಿರಲಿಲ್ಲ, ಆದರೆ ಕಾಲಂ ಖಾಲಿ ಬಿಡುವುದು ನನಗಾಗುವುದಿಲ್ಲ. ಕಾಗದಕ್ಕೆ ಸಹಿ ಹಾಕಿದೆ, ಅವಳು ಅದರ ಫೋಟೋ ತೆಗೆದು ಜೋಡಿಸಿದಳು. ಕಳಿಸುವ ಗುಂಡಿ ಒತ್ತಿದ್ದೇ ತಡ, ಮೋಡ ಮತ್ತೆ ಗುಡುಗಿತು. ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು. ನಾನು ಅರ್ಧ ಎದ್ದಿದ್ದೆ.

“ಅಜ್ಜ, ಕೂತ್ಕ” ಎಂದಳು, ತಿರುಗಿ ನೋಡದೆ. ಅವಳ ಎಡಗೈ ನನ್ನ ಅಂಗಿಯ ತುದಿ ಹಿಡಿದಿತ್ತು. ಚಕ್ರ ನಿಲ್ಲುವವರೆಗೂ ಬಿಡಲಿಲ್ಲ.

“ಮೇಲ್ ಹೋತು” ಎಂದಳು ಕೊನೆಗೆ. ಕಿಟಕಿಯಲ್ಲಿ ಇಣುಕಿ ನೋಡಿ, “ಈಗ ತೆಗಿ” ಎಂದಳು.

ಸಮಿತಿ ಏನು ಮಾಡುತ್ತದೋ ತಿಳಿಯದು. ಏಳು ಗಂಟೆ ಹತ್ತು ನಿಮಿಷಕ್ಕೆ ಮೋಡೆಮಿನ ಪ್ಲಗ್ ತೆಗೆದೆ. ಆ ದಿನ ನಾನು ಅಪ್ಪಣೆ ಪಡೆದು ಮಾಡಿದ ಕೆಲಸ ಅದೊಂದೇ.