ಮಾವನ ಬೇಡಗಳು ಮತ್ತು ಅಮೆರಿಕದ ಒಂದು ಕಾಲೇಜು

ಎಲ್ಲ ಮಕ್ಕಳೂ ಹುಟ್ಟಿದ ಕೂಡಲೇ ಅಳುತ್ತವೆ. ನನ್ನ ಮಾವ ಮಾತ್ರ ಹುಟ್ಟಿದ ಕೂಡಲೇ, ಜೇನು ನೆಕ್ಕಿಸಲು ಬಂದ ಸೂಲಗಿತ್ತಿಗೆ ಅಂಗೈ ಅಡ್ಡ ಹಿಡಿದು "ಬೇಡ ಬೇಡ, ಈಗಷ್ಟೇ ಆಯ್ತು" ಎಂದರಂತೆ! ಇದು ನನ್ನ ಕಟ್ಟುಕತೆಯಲ್ಲ. ಹೇಳಿದ್ದು ನನ್ನ ಅಮ್ಮ. ಅವಳು ಮಾವನ ಅಕ್ಕ. ಆಗಿನ್ನೂ ಲಂಗ ಎಳೆದುಕೊಂಡು ಓಡಾಡುವ ವಯಸ್ಸಿನಲ್ಲಿ ಬಾಗಿಲ ಸಂದಿಯಿಂದ ಎಲ್ಲ ನೋಡಿದಳಂತೆ. ಅಷ್ಟು ಚಿಕ್ಕ ಮಗುವಿನ ಸಾಕ್ಷಿಯನ್ನು ಯಾವ ಕೋರ್ಟು ಒಪ್ಪುತ್ತದೆ ಎನ್ನುತ್ತೀರಾ? ನಮ್ಮ ಮಾವನನ್ನು ಒಂದು ಸಲ ಊಟಕ್ಕೆ ಕರೆದ ಯಾವ ಕೋರ್ಟಾದರೂ ಒಪ್ಪುತ್ತದೆ.

ನಮ್ಮ ಕಡೆ ಬೇಡ ಎನ್ನುವುದು ಒಂದು ಮರ್ಯಾದೆ. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದರ ಅರ್ಥ ‘ಹೂಂ, ಹಾಕಿ, ತುಪ್ಪ ಮರೀಬೇಡಿ’ ಎಂದು. ಬಡಿಸುವವರಿಗೂ ಇದು ಗೊತ್ತು. ಎಲೆಯ ಮೇಲೆ ಅಡ್ಡ ಬಂದ ಕೈಯನ್ನು ಅವರು ಸೌಟಿನಿಂದಲೇ ಸರಿಸಿ ಬಡಿಸುತ್ತಾರೆ. ಎಲ್ಲರೂ ಆಡುವ ಆಟ ಇದು. ಮಾವನಿಗೆ ಮಾತ್ರ ಇದು ಆಟವಲ್ಲ, ವ್ರತ.

ಕಳಸದಲ್ಲಿ ನಮ್ಮ ನೆಂಟರ ಮನೆ ಮದುವೆ. ಬಡಿಸಲು ಬೆಂಗಳೂರಿನಿಂದ ಕೇಟರಿಂಗ್‌ನವರನ್ನು ಕರೆಸಿದ್ದರು. ಪಾಪ, ಅವರಿಗೆ ನಮ್ಮ ಕಡೆಯ ವ್ಯಾಕರಣ ಏನು ಗೊತ್ತು? ಮಾವ ಕೈ ಅಡ್ಡ ಹಿಡಿದು ಬೇಡ ಎಂದರು. ಅವರು ನಂಬಿ ಮುಂದೆ ಹೋದರು. ಪಲ್ಯ ಹೋಯಿತು, ಚಿತ್ರಾನ್ನ ಹೋಯಿತು, ಹೋಳಿಗೆಯಂತೂ ಹಿಂತಿರುಗಿ ನೋಡದೆ ಹೋಯಿತು. ಮಾವ ಎಲೆಯ ತುದಿಯಲ್ಲಿದ್ದ ಉಪ್ಪು ಉಪ್ಪಿನಕಾಯಿ ನೆಕ್ಕಿಕೊಂಡು, ಊಟ ಬಹಳ ಚೆನ್ನಾಗಿತ್ತು ಎಂದು ಹುಡುಗಿಯ ಅಪ್ಪನಿಗೆ ಹೇಳಿ ಕೈ ತೊಳೆದರು. ಸಂಜೆ ಮನೆ ಮುಟ್ಟುವ ಹೊತ್ತಿಗೆ ಹಸಿವಿನಿಂದ ಕಣ್ಣು ಕತ್ತಲೆ. ಅತ್ತೆ ಓಡಿ ಹೋಗಿ ಕಡುಬು ಬಿಸಿ ಮಾಡಿ ತಂದರೆ, ಅಲ್ಲಿಯೂ ಮಾವ ಏನೆಂದರು ಹೇಳಿ? ಬೇಡ ಎಂದರು!

ಬಸ್ಸಿನದೂ ಒಂದಿದೆ. ಮೂಡಿಗೆರೆಯಿಂದ ಬಣಕಲ್ಲಿಗೆ ಬರುವಾಗ ಯಾರೋ ಎದ್ದು ಇವರಿಗೆ ಸೀಟು ಕೊಟ್ಟರು. ಮಾವ, "ಬೇಡ, ಕೂತ್ಕೊಳಿ, ನಾನು ಇಲ್ಲೇ ಮುಂದೆ ಇಳಿಯೋದು" ಎಂದರು. ಇಳಿಯಬೇಕಾದ ಬಣಕಲ್ಲು ಇನ್ನೂ ಬಹಳ ದೂರ. ಆದರೆ ಮಾತು ಕೊಟ್ಟಾಯಿತಲ್ಲ! ಮುಂದಿನ ಸ್ಟಾಪಿನಲ್ಲಿ ಇಳಿದೇಬಿಟ್ಟರು. ಹಿಂದೆ ಬಂದ ಬಸ್ಸು ಹತ್ತಿದರು. ಅದರಲ್ಲೂ ಒಬ್ಬ ಪುಣ್ಯಾತ್ಮ ಎದ್ದು ಸೀಟು ಕೊಟ್ಟ. ಮಿಕ್ಕ ದಾರಿಯನ್ನು ಮಾವ ನಡೆದೇ ಮುಗಿಸಿದರು.

ಇಂಥ ಮಾವ ಸಿಕ್ಕಿದರೆ ನನ್ನಂಥವನು ಬಿಡುತ್ತಾನೆಯೇ? ನಾನಾಗ ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದೂ ಒಂದು ಮಿಮಿಕ್ರಿಯೇ, ಇರಲಿ. ಕಂಡಕ್ಟರು, ಡಾಕ್ಟರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಸೀನು ಬರುವ ಮುಂಚೆ ಸೀನುವ ನಮ್ಮ ಅಕೌಂಟೆನ್ಸಿ ಮೇಷ್ಟ್ರು, ಎಲ್ಲರ ದನಿಗಳೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಸ್ವಂತ ದನಿ ಯಾವುದು ಎಂದು ಅಮ್ಮ ಕೇಳಿದರೆ, ಅದನ್ನೂ ಅವಳ ದನಿಯಲ್ಲೇ ತಿರುಗಿ ಕೇಳುತ್ತಿದ್ದೆ. ಇವುಗಳಲ್ಲೆಲ್ಲ ಮಾವನ ಐಟಂಗೇ ಚಪ್ಪಾಳೆ ಜಾಸ್ತಿ. ಕತ್ತು ಎಡಕ್ಕೆ ವಾಲಬೇಕು, ಬಲಗೈ ಎದೆಯ ಮಟ್ಟಕ್ಕೆ ಏಳಬೇಕು, ಗಂಟಲು ಒಮ್ಮೆ ಕೆರೆಯಬೇಕು, ಆಮೇಲೆ: "ಅಯ್ಯೋ, ಬೇಡ ಬೇಡ, ನಿಮಗ್ಯಾಕೆ ತೊಂದ್ರೆ." ಮಾವ ಸ್ವತಃ ಕೂತು ನೋಡಿ, ಕಣ್ಣೀರು ಬರುವಷ್ಟು ನಕ್ಕು, ಸಾಕು ಬೇಡ ಮಾರಾಯ ಎನ್ನುತ್ತಿದ್ದರು. ಅವರ ಬೇಡದ ಅರ್ಥ ಗೊತ್ತಿದ್ದರಿಂದ ನಾನು ಮತ್ತೊಮ್ಮೆ ಮಾಡುತ್ತಿದ್ದೆ.

ಈಗ ಪುಟ್ಟಿಯ ವಿಷಯಕ್ಕೆ ಬರೋಣ. ಪುಟ್ಟಿ ಮಾವನ ಒಬ್ಬಳೇ ಮಗಳು. ಮಾವನ ಮಗಳು ಎಂದ ಕೂಡಲೇ ಹುಬ್ಬು ಹಾರಿಸಬೇಡಿ. ಇವನಿಗಿಂತ ಕೆರೆಯ ಕಪ್ಪೆ ಎಷ್ಟೋ ವಾಸಿ ಎಂದು ಅವಳು ಚಿಕ್ಕಂದಿನಲ್ಲೇ ಎಲ್ಲರೆದುರು ಘೋಷಿಸಿದ್ದಾಳೆ. ಅದು ಬೈಗುಳವೂ ಅಲ್ಲ. ಅವಳಿಗೆ ಕಪ್ಪೆ ಎಂದರೆ ಅಷ್ಟು ಪ್ರಾಣ. ಮಳೆ ಹಿಡಿದರೆ ತೋಟದಲ್ಲಿ ಟಾರ್ಚು ಹಿಡಿದು ಅಲೆಯುವಳು. ವಟಗುಟ್ಟುವುದನ್ನು ಕೇಳಿಯೇ ಇದು ಮರಗಪ್ಪೆ, ಇದು ಹಳ್ಳದ ಕಪ್ಪೆ ಎನ್ನುವಳು. ನಾನು ಕಪ್ಪೆಯ ಮಿಮಿಕ್ರಿ ಮಾಡಿದರೆ, ಇದು ಯಾವ ಕಾಡಿನದೂ ಅಲ್ಲ ಎಂದು ಫೇಲು ಮಾಡುವಳು.

ಅವಳು ಪಿಯುಸಿಯಲ್ಲಿದ್ದಾಗ ಬಯಾಲಜಿ ಮೇಡಂ ಒಬ್ಬರು ಅವಳ ತಲೆಯಲ್ಲಿ ಅಮೆರಿಕದ ಹುಳ ಬಿಟ್ಟರು. ಅಲ್ಲಿ ಯಾವುದೋ ಚಳಿಯೂರಿನಲ್ಲಿ ಒಂದು ಸಣ್ಣ ಕಾಲೇಜು, ಕಪ್ಪೆಗಳ ಬಗ್ಗೆಯೇ ಬದುಕು ಸವೆಸುತ್ತಿರುವ ಪ್ರೊಫೆಸರು ಇದ್ದಾರೆ, ಹೊರದೇಶದ ಮಕ್ಕಳಿಗೂ ಓದಿನ ಖರ್ಚನ್ನು ಹೆಚ್ಚುಕಡಿಮೆ ಪೂರ್ತಿ ಅವರೇ ಕೊಡುತ್ತಾರೆ, ಆದರೆ ಕೇಳಬೇಕು. ಪುಟ್ಟಿ ಅಲ್ಲಿಗೆ ಬೇಕಾದ ಪರೀಕ್ಷೆಗಳನ್ನು ಬರೆದಳು, ಚಿಕ್ಕಮಗಳೂರಿನ ಸೈಬರ್ ಕೆಫೆಯಲ್ಲಿ ಕೂತು ಅರ್ಜಿ ತುಂಬಿದಳು. ಕಪ್ಪೆ ನೋಡೋಕೆ ಅಮೆರಿಕಕ್ಕೆ ಎಂತಕ್ಕೆ ಹೋಗ್ಬೇಕು, ಬಚ್ಚಲ ಹಿಂದೆ ಬೇಕಾದಷ್ಟು ಇದಾವೆ ಎಂದು ಅತ್ತೆ ಗೊಣಗಿದರೂ, ದೇವರಮನೆಗೆ ಹೋಗಿ ಗುಟ್ಟಾಗಿ ಹರಕೆ ಹೊತ್ತು ಬಂದಿದ್ದರು.

ತೊಡಕಿದ್ದದ್ದು ಅಪ್ಪ ತುಂಬಬೇಕಾದ ಭಾಗದಲ್ಲಿ. ನಿಮ್ಮ ಕುಟುಂಬಕ್ಕೆ ನೆರವು ಏಕೆ ಬೇಕು, ವಿವರಿಸಿ ಎಂದು ಕೇಳಿದ್ದರು. ಅದು ಕಾಫಿಗೆ ಬೆಲೆಯೇ ಇಲ್ಲದ ಕಾಲ. ಹಣ್ಣು ಕುಯ್ಯಿಸಿದರೆ ಕೂಲಿಯೂ ಹುಟ್ಟುತ್ತಿರಲಿಲ್ಲ; ಮೆಣಸಿನ ಬಳ್ಳಿಗೆ ರೋಗ ಬಿದ್ದಿತ್ತು; ಮಾವನ ಜೀಪು ಮಾರಿ ಹೋಗಿತ್ತು. ವಿವರಿಸಲು ಪುಟಗಟ್ಟಲೆ ಇತ್ತು. ಮಾವ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, ಚೆಂದದ ಇಂಗ್ಲಿಷಿನಲ್ಲಿ, ದೇವರ ದಯೆಯಿಂದ ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ, ನೀವೂ ಅಲ್ಲಿ ಕ್ಷೇಮವೆಂದು ನಂಬಿದ್ದೇವೆ ಎಂದು ಬರೆದರು! ಪುಟ್ಟಿ ನೋಡಿದ್ದು ಪುಣ್ಯ. ಆ ಹಾಳೆ ಹರಿದು, ಇದ್ದದ್ದು ಇದ್ದ ಹಾಗೆ ತಾನೇ ಬರೆದು, ಅಪ್ಪನ ಸಹಿ ಹಾಕಿಸಿದಳು. ಮಾವ ಓದದೆ, ಕಣ್ಣು ಆಚೆ ತಿರುಗಿಸಿ, ಇಂಜೆಕ್ಷನ್ನು ಚುಚ್ಚಿಸಿಕೊಳ್ಳುವವರ ಹಾಗೆ ಸಹಿ ಹಾಕಿದರು.

ಮಾರ್ಚಿ ಮುಗಿಯುವಾಗ ಉತ್ತರ ಬಂತು. ಸೀಟೂ ಸಿಕ್ಕಿತ್ತು, ನೆರವೂ ಸಿಕ್ಕಿತ್ತು! ಸುದ್ದಿ ಕೇಳಿ ನಾನೂ ಅಮ್ಮನೂ ಮಾವನ ಮನೆಗೆ ಬಂದೆವು. ಅತ್ತೆ ದೇವರಿಗೆ ದೀಪ ಹಚ್ಚಿದರು. ಪುಟ್ಟಿ ಸುದ್ದಿ ಹೇಳಲು ಕೆರೆಯ ಕಡೆ ಓಡಿದಳು. ಯಾರಿಗೆ ಎಂದು ಕೇಳಬೇಡಿ. ಮಾವ ಕಾಫಿ ಕಣದ ಸುತ್ತ ತಿರುಗಿದರು, ತಿರುಗಿದರು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಏನೋ ಬರೆದು, ಮೂಡಿಗೆರೆಗೆ ಹೋಗಿ ಪೋಸ್ಟು ಮಾಡಿ ಬಂದರು. ಮಗಳನ್ನು ಕಾಲೇಜಿಗೆ ಸೇರಿಸಿಕೊಂಡವರಿಗೆ ಅಪ್ಪ ನಾಲ್ಕು ಸಾಲು ಬರೆಯುವುದು ಧರ್ಮವಲ್ಲವೇ ಎಂದು ನಾವೆಲ್ಲ ಮೆಚ್ಚಿದೆವು.

ಊಟದ ಹೊತ್ತಿಗೆ ಅಮ್ಮ, ಏನಪ್ಪ ಬರೆದೆ ಎಂದು ಸುಮ್ಮನೆ ಕೇಳಿದಳು. ಮಾವ ಬಹಳ ಸಮಾಧಾನದಿಂದ ಹೇಳಿದರು: "ಎಂತ ಇಲ್ಲ ಅಕ್ಕ. ಅಷ್ಟೆಲ್ಲ ಕೊಡೋದು ಬೇಡ, ನಮ್ಮಿಂದ ನಿಮಗೆ ತೊಂದ್ರೆ ಆಗೋದು ಬೇಡ ಅಂತ ಬರ್ದೆ."

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಪುಟ್ಟಿಯ ಮುಖ ಸುಣ್ಣ ಬಳಿದ ಹಾಗಾಯಿತು.

"ಗಾಬರಿ ಎಂತಕ್ಕೆ? ಅವ್ರು ಇನ್ನೊಂದು ಸಲ ಬರೀತಾರೆ" ಎಂದರು ಮಾವ. "ಒಂದೇ ಸಲಕ್ಕೆ ಹೂಂ ಅಂದ್ರೆ ಹಸಿದವ್ರು ಅಂದ್ಕೊಳಲ್ವಾ?"

"ಹಸಿದವ್ರೇ ಅಲ್ವಾ ನಾವು" ಎಂದರು ಅತ್ತೆ, ಮೆಲ್ಲಗೆ.

ಅಷ್ಟು ದಿನ ಎಲ್ಲಕ್ಕೂ ನಗುತ್ತಿದ್ದ ನನಗೂ ಆವತ್ತು ನಗು ಬರಲಿಲ್ಲ. ಕಳಸದ ಹೋಳಿಗೆ ಹಿಂತಿರುಗಿ ನೋಡದೆ ಹೋದದ್ದು ಕಣ್ಣ ಮುಂದೆ ಬಂತು. ಅದು ಹೋಳಿಗೆ; ಇದು ಪುಟ್ಟಿಯ ಓದು. ಬೆಂಗಳೂರಿನ ಕೇಟರಿಂಗ್‌ನವರಿಗೇ ಗೊತ್ತಾಗದ ಮಾವನ ಬೇಡ, ಅಮೆರಿಕದವರಿಗೆ ಗೊತ್ತಾಗುತ್ತದೆಯೇ?

ಗೊತ್ತಾಗಲಿಲ್ಲ. ಪುಟ್ಟಿ ಸೈಬರ್ ಕೆಫೆಗೆ ಓಡಿ, ಅಪ್ಪ ಬರೆದದ್ದನ್ನು ದಯವಿಟ್ಟು ನಂಬಬೇಡಿ ಎಂದು ಇಮೇಲು ಕಳಿಸಿದಳು. ಕಾಗದ ಮುಟ್ಟಿದ ಮೇಲೆ ಅಲ್ಲಿಂದ ಉತ್ತರ ಬಂತು. ನಿಮ್ಮ ತಂದೆ ಸಹಿ ಮಾಡಿ ನೆರವು ಬೇಡವೆಂದಿದ್ದಾರೆ, ಈ ನೆರವಿಗೆ ಕಾದಿರುವ ಮಕ್ಕಳು ಬೇರೆಯೂ ಇದ್ದಾರೆ, ಆದ್ದರಿಂದ ಶುಕ್ರವಾರ ನಾವೇ ಫೋನು ಮಾಡಿ ನಿಮ್ಮ ತಂದೆಯ ಬಾಯಿಂದಲೇ ಕೇಳುತ್ತೇವೆ ಎಂದಿದ್ದರು. ಅವರಿಗದು ಬೆಳಗಿನ ಕಾಫಿಯ ಹೊತ್ತು, ನಮಗೆ ಸಂಜೆ ದೀಪದ ಹೊತ್ತು.

ಮಾವ ನಿಜವಾಗಿ ಇಳಿದುಹೋದರು. ಅವರಿಗೆ ತಪ್ಪು ಅರ್ಥವಾಗಿತ್ತು. ಬೇಕು ಎಂದು ಹೇಳುವುದನ್ನು ಅಭ್ಯಾಸ ಮಾಡಲು ಹಿತ್ತಿಲಿಗೆ ಹೋಗಿ ಹಸುವಿನ ಮುಂದೆ ನಿಲ್ಲುತ್ತಿದ್ದರು. ಬಾಯಿ ತೆರೆಯುತ್ತಿತ್ತು, ಮಾತು ಬರುತ್ತಿರಲಿಲ್ಲ. ಹಸು ಕಾದು ಕಾದು ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಕೊನೆಗೆ ನನ್ನ ಹತ್ತಿರ ಬಂದು, ನಂಗೆ ನಾಲಿಗೆ ಏಳೋದಿಲ್ಲ ಮಾರಾಯ ಎಂದರು. ಉಪಾಯ ಹೊಳೆದದ್ದು ಅತ್ತೆಗೆ. ಊರಿಗೆಲ್ಲ ಇವ್ರ ದನಿ ಮಾಡಿ ತೋರಿಸ್ತೀಯಲ್ಲ, ಒಂದು ಸಲ ಉಪಯೋಗಕ್ಕಾದ್ರೂ ಮಾಡು ಎಂದರು ನನಗೆ.

ಆಹಾ! ನನ್ನ ಕಲೆಗೆ ಅಂತರರಾಷ್ಟ್ರೀಯ ವೇದಿಕೆ! ನಾನು ಎದೆಯುಬ್ಬಿಸಿ ಒಪ್ಪಿದೆ. ಮಾವನ ಇಂಗ್ಲಿಷು, ಮಾವನ ಕೆಮ್ಮು, ಮಾವನ ನಿಟ್ಟುಸಿರು ಎಲ್ಲವನ್ನೂ ತಿದ್ದಿ ತೀಡಿದೆ. ಶುಕ್ರವಾರ ಸಂಜೆ, ಗಾಳಿಗೆ ತಂತಿ ಕಡಿಯದಿರಲಿ ಎಂದು ಅತ್ತೆ ಗಣಪತಿಗೆ ಗರಿಕೆ ಏರಿಸಿದರು. ಫೋನಿನ ಸುತ್ತ ಎಲ್ಲರೂ ಕೂತೆವು. ರಿಂಗಾಯಿತು. ನಾನು ಎತ್ತಿದೆ.

ಒಬ್ಬ ಹೆಂಗಸಿನ ದನಿ. ಬಹಳ ಮೆದು. ಮಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರು. ನಾನು ಮಾವನ ದನಿಯಲ್ಲಿ ಥ್ಯಾಂಕ್ಯೂ ಥ್ಯಾಂಕ್ಯೂ ಎಂದೆ. ಎಷ್ಟು ಸೊಗಸಾಗಿತ್ತೆಂದರೆ ಅತ್ತೆಯೇ ಒಂದು ಸಲ ಗಂಡನ ತುಟಿ ನೋಡಿದರು. ಆಮೇಲೆ ಆಕೆ ಕೇಳಿದರು: ಹಾಗಾದರೆ ನಿಮಗೆ ಈ ನೆರವು ಬೇಕೇ?

ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕತ್ತು ತಾನಾಗಿ ಎಡಕ್ಕೆ ವಾಲಿತು. ಬಲಗೈ ಎದ್ದಿತು. ಗಂಟಲು ಕೆರೆಯಿತು. "ಅಯ್ಯೋ, ನೋ ನೋ ಮೇಡಂ, ವೈ ಯೂ ಟೇಕ್ ಟ್ರಬಲ್" ಎಂದುಬಿಟ್ಟೆ!

ಕಲೆ ಅಷ್ಟು ಪಕ್ಕಾ ಆಗಿತ್ತು ನೋಡಿ. ಆ ದನಿಯೊಳಗೆ ಒಮ್ಮೆ ಹೊಕ್ಕಮೇಲೆ ಬೇಡ ಎನ್ನುವುದನ್ನು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಪುಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಕಡೆ ಆಕೆ, ಹಾಗೋ, ಸರಿ ಎನ್ನುವುದು ಕೇಳಿಸಿತು.

ಆಗ ನನ್ನ ಕೈಯಿಂದ ಫೋನು ಹಾರಿತು. ಕಿತ್ತುಕೊಂಡವರು ಮಾವ.

"ಮೇಡಂ, ದಟ್ ವಾಸ್ ಆಲ್ಸೋ ಫಾದರ್. ಬಟ್ ದಟ್ ಈಸ್ ರಾಂಗ್. ಪ್ಲೀಸ್ ಗಿವ್." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ವಿ ನೀಡ್. ವಿದೌಟ್ ಹೆಲ್ಪ್ ಐ ಕೆನಾಟ್ ಸೆಂಡ್ ಹರ್, ಮೇಡಂ. ಶೀ ಈಸ್ ವೆರಿ ಗುಡ್ ಗರ್ಲ್."

ಆ ಕಡೆಯಿಂದ ಏನೋ ಹೇಳಿದರು. ಮಾವ ಯಸ್ ಯಸ್ ಎಂದು ಕೇಳಿ, ಫೋನನ್ನು ಎರಡೂ ಕೈಯಲ್ಲಿ ಮೆಲ್ಲಗೆ ಇಟ್ಟು, ಕಾಫಿ ಮೂಟೆ ಹೊತ್ತು ಇಳಿಸಿದವರ ಹಾಗೆ ಬೆವರು ಒರೆಸಿಕೊಂಡು ಕೂತರು.

"ಏನಂದ್ರಪ್ಪ?" ಪುಟ್ಟಿ ಅಪ್ಪನ ಪಕ್ಕ ಬಂದು ಕೂತಳು.

"ಕೊಡ್ತಾರಂತೆ. ಕೇಳಿದ್ದು ಒಳ್ಳೇದಾಯ್ತು ಅಂದ್ರು."

ಅಬ್ಬ! ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಬಿಟ್ಟ ಉಸಿರಿಗೆ ದೇವರ ಮುಂದಿನ ದೀಪ ಆರಿಹೋಗಬೇಕಿತ್ತು. ಪುಟ್ಟಿ ಅಪ್ಪನ ಹೆಗಲಿಗೆ ಹಣೆ ಹಚ್ಚಿ ಅಳುತ್ತಾ ನಗುತ್ತಿದ್ದಳು. ಅತ್ತೆ ಕಣ್ಣೊರೆಸಿಕೊಂಡು, ಸುಸ್ತಾದ ಗಂಡನಿಗೆ ಒಂದು ಲೋಟ ಕಾಫಿ ತರಲೇ ಎಂದು ಕೇಳಿದರು. ನಾವೆಲ್ಲ ಮಾವನ ಮುಖವನ್ನೇ ನೋಡಿದೆವು. ಒಂದು ಸಲ ಬೇಕು ಎಂದ ಮನುಷ್ಯ ಬದಲಾಗಿಬಿಟ್ಟರೆ ಗತಿಯೇನು? ನನ್ನ ಐಟಂ ಗತಿಯೇನು?

ಮಾವ ಅಂಗೈ ಎತ್ತಿದರು. "ಬೇಡ ಬೇಡ, ಈಗ ಯಾಕೆ ತೊಂದ್ರೆ."

ಸದ್ಯ! ನಮ್ಮ ಮಾವ ನಮಗೆ ವಾಪಸ್ಸು ಸಿಕ್ಕಿದರು. ಅತ್ತೆ ಆಗಲೇ ಕಾಫಿ ಸೋಸುತ್ತಿದ್ದರು.

ಮದ್ರಾಸಿನ ವೀಸಾ ಆಫೀಸಿನಲ್ಲಿ ಪುಟ್ಟಿ ಒಬ್ಬಳೇ ಒಳಗೆ ಹೋದದ್ದರಿಂದ ಯಾವ ಅಪಾಯವೂ ಆಗಲಿಲ್ಲ. ಆಗಸ್ಟಿನಲ್ಲಿ ಅವಳು ಹೊರಟಳು. ಮಾವ ಬೆಂಗಳೂರಿನವರೆಗೆ ಹೋಗಿ ವಿಮಾನ ಹತ್ತಿಸಿ ಬರುವುದು ಎಂದಾಯಿತು. ಹಸು ಕರು ಹಾಕುವುದರಲ್ಲಿತ್ತು, ಅತ್ತೆ ಮನೆ ಬಿಡುವ ಹಾಗಿರಲಿಲ್ಲ. ಬಾಗಿಲಲ್ಲೇ ಮಗಳನ್ನು ತಬ್ಬಿ ಕಳಿಸಿದರು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆಗಳನ್ನು ಮೇಲೆ ಹಾಕಿದ್ದು ನಾನು. ಸಿಕ್ಕಿದವರೆಲ್ಲ, ಒಬ್ಬಳೇ ಮಗಳು, ಬೇಜಾರಾಗಲ್ವಾ ಎಂದು ಕೇಳುತ್ತಿದ್ದರು. ಮಾವ ನಗುತ್ತಾ ಕತ್ತು ವಾಲಿಸಿ, "ಇಲ್ಲ ಇಲ್ಲ, ಬೇಜಾರೆಂತದು" ಎನ್ನುತ್ತಿದ್ದರು.

ಮಾವ ಕೈಚೀಲವನ್ನು ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಮೂವರ ಸೀಟಿನ ಆಚೆ ತುದಿಯ ಕಿಟಕಿಯಲ್ಲಿ ಪುಟ್ಟಿ. ಬಸ್ಸು ಸ್ಟಾರ್ಟಾಯಿತು. ನಾಳೆ ಇದೇ ದಾರಿಯಲ್ಲಿ ಇವರು ಹಿಂದಿರುಗುವಾಗ ಆ ಕಿಟಕಿ ಖಾಲಿ ಎನ್ನುವುದು ನನಗೆ ಆಗ ಹೊಳೆಯಿತು. ನಾನು ಬಾಗಿಲ ಹತ್ತಿರ ನಿಂತು ಕೇಳಿದೆ: "ಮಾವ, ನಾನೂ ಬರ್ಲಾ?"

"ಬೇಡ ಮಾರಾಯ. ನಿಂಗ್ಯಾಕೆ ತೊಂದ್ರೆ."

ಇಷ್ಟು ವರ್ಷ ಆ ದನಿ ಮಾಡಿದ್ದೆ. ಕೇಳಿಸಿಕೊಂಡದ್ದು ಅದೇ ಮೊದಲು. ಎರಡನೇ ಸಲ ಕೇಳಲಿಲ್ಲ. ಉಟ್ಟ ಬಟ್ಟೆಯಲ್ಲೇ, ಹವಾಯಿ ಚಪ್ಪಲಿಯಲ್ಲೇ ಹತ್ತಿದೆ.

ನಾನು ಅವರ ಸೀಟಿನ ಹತ್ತಿರ ಹೋಗುವಷ್ಟರಲ್ಲಿ ಕೈಚೀಲ ಆಗಲೇ ಅವರ ತೊಡೆಯ ಮೇಲಿತ್ತು.