ಮಾದರಿ ಮೂತ್ರಕೋಶ

ಶಾಲೆಯ ಕಕ್ಕಸಿಗೆ ಬೀಗ ಬಿದ್ದದ್ದೇ ಎಲ್ಲದಕ್ಕೂ ಮೂಲ. ಊರಿನ ದೊಡ್ಡ ಡಾಕ್ಟರು ಬರುತ್ತಾರೆಂದು ಅದನ್ನು ಉಜ್ಜಿ, ಫಿನೈಲ್ ಸುರಿದು, ಹೊಸ ಸೋಪಿಟ್ಟು, ಅವರು ಬರುವ ತನಕ ಒಂದು ಹೆಜ್ಜೆಗುರುತೂ ಬೀಳಕೂಡದೆಂದು ಹೆಡ್ಮೇಷ್ಟ್ರು ಬೆಳಿಗ್ಗೆಯೇ ಬೀಗ ಜಡಿಸಿಬಿಟ್ಟರು. ಡಾಕ್ಟರು ಬರುತ್ತಿದ್ದದ್ದಾದರೂ ಮಕ್ಕಳಿಗೆ ಒಂದೇ ಒಂದು ಬುದ್ಧಿ ಹೇಳುವುದಕ್ಕೆ: ಮೂತ್ರ ಕಟ್ಟಬಾರದು.

ಮಕ್ಕಳೇನೋ ಕಾಂಪೌಂಡಿನ ಮರೆ ಹುಡುಕಿಕೊಂಡರು. ಬೆಳಿಗ್ಗೆಯಿಂದ ಮಾದರಿ ಬಿಟ್ಟು ಕದಲಲಾಗದೆ ಸಿಕ್ಕಿಬಿದ್ದವನು ಲ್ಯಾಬಿನ ಅಟೆಂಡರ್. ಅವನು ಕೆಲಸಕ್ಕೆ ಸೇರಿದಾಗ ಹುಟ್ಟಿದ ಮಗಳು ಈಗ ಇದೇ ಶಾಲೆಯಲ್ಲಿ ಓದುತ್ತಿದ್ದಳು; ಅವನ ಕೆಲಸ ಮಾತ್ರ ಇನ್ನೂ ತಾತ್ಕಾಲಿಕ. ಶಾಲೆಗಳನ್ನು ನಡೆಸುವ ಮಂಡಳಿಗೆ ಆ ಡಾಕ್ಟರೇ ಅಧ್ಯಕ್ಷರು.

ಹೆಡ್ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. "ಮಾದರಿ ಸರಿಯಾಗಿ ನಡೀಲಿ, ಸಾಹೇಬ್ರ ಕೈಲಿ ಇವತ್ತೇ ನಿನ್ನ ಕಾಯಂ ಆರ್ಡರಿಗೆ ಸಹಿ ಹಾಕಿಸ್ತೀನಿ. ಕೆಡ್ತೋ, ನಾಳೆಯಿಂದ ಬರೋದೇ ಬೇಡ ಕಣಯ್ಯಾ."

ಮಾದರಿ ಮಾಡಿದ್ದು ವಿಜ್ಞಾನದ ಮೇಡಂ. ಹಲಗೆಯ ಮೇಲ್ಗಡೆ ಎರಡು ಮೂತ್ರಪಿಂಡ, ಅವುಗಳಿಂದ ತೊಟ್ಟು ತೊಟ್ಟಾಗಿ ಹಳದಿ ನೀರು ಇಳಿಯುವ ಎರಡು ನಾಳ, ಕೆಳಗೆ ಮೂತ್ರಕೋಶವಾಗಿ ಬಿಸಿನೀರಿನ ರಬ್ಬರ್ ಚೀಲ. ಚೀಲದ ಬಾಯಿಂದ ಹೊರಟ ಕೊಳವೆ ಮೇಜಿನ ತೂತಿನೊಳಗಿಂದ ತಗಡಿನ ಬಕೆಟ್ಟಿಗೆ. ಅಟೆಂಡರ್ ಮೇಜಿನ ಬಟ್ಟೆಯ ಮರೆಯಲ್ಲಿ ಕೂತು, ಮೇಡಂ ಹೇಳಿದ ಕೂಡಲೇ ಕೊಳವೆಯ ಕ್ಲಿಪ್ಪು ಬಿಡಬೇಕು. ಅಷ್ಟೇ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೊನೇ ಗಳಿಗೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಬಂದು, ಮೂತ್ರಕೋಶದ ಕುತ್ತಿಗೆಯಲ್ಲಿ ಬಿಗಿಹಿಡಿಯುವ ಸ್ನಾಯು ಇರುತ್ತದಲ್ಲ, ಅದೆಲ್ಲಿ ಎಂದು ಕೇಳಿದರು. ಕೇಳಿ ಸುಮ್ಮನಾಗದೆ ಕೆಂಪು ಉಲ್ಲನ್ ದಾರವನ್ನು ಚೀಲದ ಬಾಯಿಗೆ ಸುತ್ತಿ ಸುತ್ತಿ ಗಂಟು ಹಾಕಿದರು. ಬಿಗಿಯಾಯಿತೇನೋ ಎಂದು ಅಟೆಂಡರ್ ಮೆಲ್ಲಗೆ ಅಂದದ್ದಕ್ಕೆ, ಕಲೆಯ ವಿಷಯ ನಿನಗೇಕೆ ಎಂದು ಅವನನ್ನೇ ಮೇಜಿನಡಿಗೆ ತಳ್ಳಿದರು.

ಡಾಕ್ಟರು ತಡವಾಗಿ ಬಂದರು, ನಿಧಾನವಾಗಿ ಮಾತಾಡಿದರು. ಮೂತ್ರಪಿಂಡ ರಕ್ತವನ್ನು ಸೋಸುವ ಜರಡಿ ಎಂದರು. ಮನುಷ್ಯ ಮಲಗಿದರೂ ಅದು ಮಲಗುವುದಿಲ್ಲ ಎಂದರು. ಮೇಜಿನ ಮೇಲೆ ತೊಟ್ಟು ಬೀಳುವ ಸದ್ದು. ಮೇಜಿನ ಕೆಳಗೆ ಅಟೆಂಡರ್ ಕಾಲಿಗೆ ಕಾಲು ಹೆಣೆದು, ಹಲ್ಲು ಕಚ್ಚಿ, ಮಗ್ಗಿ ಹೇಳಿಕೊಳ್ಳುತ್ತಿದ್ದ.

"ಮೂತ್ರಕೋಶ ತುಂಬ್ತಿದ್ದ ಹಾಗೆ ಮಿದುಳಿಗೆ ಸುದ್ದಿ ಹೋಗುತ್ತೆ ಮಕ್ಕಳೇ. ಸುದ್ದಿ ಬಂದ ತಕ್ಷಣ ಎದ್ದು ಹೋಗ್ಬೇಕು. ಯಾರ ಅಪ್ಪಣೇನೂ ಕಾಯ್ಬಾರದು," ಎಂದರು ಡಾಕ್ಟರು.

ಒಬ್ಬ ಹುಡುಗ ಎದ್ದು ನಿಂತ ಸದ್ದು. ಹೆಡ್ಮೇಷ್ಟ್ರು ಕೆಮ್ಮಿದ ಸದ್ದು. ಹುಡುಗ ಮತ್ತೆ ಕೂತ ಸದ್ದು. ಅಟೆಂಡರನ ಮಿದುಳಿಗಂತೂ ಸುದ್ದಿ ಎಂದೋ ಬಂದು, ಈಗ ಪೊಲೀಸಿನವರ ಹಾಗೆ ಬಾಗಿಲು ಒದೆಯುತ್ತಿತ್ತು.

"ಈಗ ಸ್ನಾಯು ಸಡಿಲವಾಗುತ್ತೆ," ಎಂದರು ಮೇಡಂ.

ಅವನು ಕ್ಲಿಪ್ಪು ಬಿಟ್ಟ. ಒಂದು ಹನಿಯೂ ಬರಲಿಲ್ಲ. ಕೊಳವೆ ಹಿಂಡಿದ, ಊದಿದ. ಚೀಲದ ಬಾಯಿ ಉಲ್ಲನ್ ದಾರದಲ್ಲಿ ಉಸಿರುಗಟ್ಟಿ ಕೂತಿತ್ತು.

"ಈಗ ಸಡಿಲವಾಗುತ್ತೆ," ಮೇಡಂ ಗಟ್ಟಿಯಾಗಿ ಹೇಳಿದರು. ಬಟ್ಟೆಯ ಅಡಿಯಿಂದ ಹೆಡ್ಮೇಷ್ಟ್ರ ಬೂಟಿನ ತುದಿ ಬಂದು ಅವನ ಪಕ್ಕೆಗೆ ತಿವಿಯಿತು. ಒಂದು ಕಡೆ ಕಾಯಂ ನೌಕರಿ, ಇನ್ನೊಂದು ಕಡೆ ಮಾನ. ಬೂಟು ಎರಡನೇ ಸಲ ತಿವಿದಾಗ ಮಾನ ಸೋತಿತು. ಅಟೆಂಡರ್ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ.

ತಗಡಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದೆದ್ದಿತು. ಸಭೆ ಚಪ್ಪಾಳೆ ತಟ್ಟಿತು. ತಟ್ಟಿ ತಟ್ಟಿ ಕೈ ಸೋತು ನಿಲ್ಲಿಸಿತು. ಸದ್ದು ಇನ್ನೂ ನಿಂತಿರಲಿಲ್ಲ.

ಡಾಕ್ಟರು ಬಕೆಟ್ ತರಿಸಿಕೊಂಡರು. ಬಗ್ಗಿ ನೋಡಿದರು, ಬೆರಳು ಅದ್ದಿದರು, ಮೂಸಿದರು.

"ಬಣ್ಣ ನೋಡಿ, ನೊರೆ ನೋಡಿ. ಬೆಚ್ಚಗೂ ಇದೆ. ವಾಸನೆಯನ್ನೂ ಮರೆತಿಲ್ಲ. ನನ್ನ ಸರ್ವೀಸಿನಲ್ಲೇ ಇಷ್ಟು ಸಹಜವಾದ ಮಾದರಿ ನೋಡಿಲ್ಲ."

ಎಲ್ಲಾ ಆ ದಾರದ ಮಹಿಮೆ ಎಂದರು ಡ್ರಾಯಿಂಗ್ ಮೇಷ್ಟ್ರು. ಮೇಡಂ ಮಾತ್ರ ಇನ್ನೂ ಉಬ್ಬಿಕೊಂಡೇ ಇದ್ದ ರಬ್ಬರ್ ಚೀಲವನ್ನು ನೋಡಿದರು, ಬಕೆಟ್ಟನ್ನು ನೋಡಿದರು, ಬಾಯಿ ಮುಚ್ಚಿಕೊಂಡರು.

ಡಾಕ್ಟರು ಅಲ್ಲೇ ಸಹಿ ಹಾಕಿ ಆರ್ಡರನ್ನು ಅಟೆಂಡರನ ಕೈಗಿಟ್ಟರು. ಅವನ ಕಣ್ಣಲ್ಲಿ ನೀರು ಬಂತು.

"ಇವತ್ತಿಂದ ನೀನು ಕಾಯಂ. ಇದನ್ನ ಮಂಡಳಿಯ ಅಷ್ಟೂ ಶಾಲೆಗಳಲ್ಲಿ ತೋರಿಸ್ಬೇಕು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನಿವೃತ್ತಿ ಆಗೋ ತನಕ ನಿಂಗೆ ಇದೇ ಕೆಲಸ. ಮಾದರೀನ ಯಾರೂ ಬಿಚ್ಚಕೂಡದು, ಒಂದು ದಾರಾನೂ ಕದಲಿಸಕೂಡದು. ಹೊರಡು, ವ್ಯಾನ್ ಕಾಯ್ತಿದೆ."

ವ್ಯಾನಿಗೆ ಮಾದರಿ ಏರಿಸುವಷ್ಟರಲ್ಲಿ ಅಟೆಂಡರ್ ಕಾಣೆಯಾದ. ಹುಡುಕಿಕೊಂಡು ಹೋದ ಮೇಡಮ್ಮಿಗೆ ಅವನು ಸಿಕ್ಕಿದ್ದು ಕುಡಿಯುವ ನೀರಿನ ಡ್ರಮ್ಮಿನ ಪಕ್ಕ. ಕಾಯಂ ಆರ್ಡರನ್ನು ಕಂಕುಳಲ್ಲಿ ಅವುಚಿಕೊಂಡು, ಕಣ್ಣು ಮುಚ್ಚಿ, ಲೋಟದ ಮೇಲೆ ಲೋಟ ಇಳಿಸುತ್ತಿದ್ದ. ಮೇಡಂ ಲೋಟ ಇಸಿದುಕೊಂಡು ತಾವೇ ತುಂಬಿಸಿ ಕೊಟ್ಟರು.

"ಇನ್ನೂ ಎರಡು ಕುಡೀರಿ ಅಣ್ಣಾ. ಮುಂದಿನ ಶಾಲೇಲಿ ಭಾಷಣ ಚಿಕ್ಕದಂತೆ."