ಮೀಸಲು ಹಾಲಿನ ಮನೆಯಲ್ಲಿ ತಣ್ಣನೆ ಕರಿ ಕಾಫಿ

ಕಾಫಿ ಡಬ್ಬಿಯೊಂದು ಮನೆಗೆ ಬಂದರೆ ಗೂಡಿನಲ್ಲಿ ಸುಮ್ಮನೆ ಕೂತಿರುತ್ತದೆ ಎಂದುಕೊಳ್ಳಬೇಡಿ. ಅದರ ಹಿಂದೆ ಒಂದಲ್ಲ ಒಂದು ಫಜೀತಿ ಬಂದೇ ಬರುತ್ತದೆ. ನನ್ನ ಡಬ್ಬಿಯ ಹಿಂದಂತೂ ಸಾಲಾಗಿ ಬಂದವು.

ನಾನು ಹೊಸಪೇಟೆ ಕಡೆಯವಳು. ನಲವತ್ತೇಳನೆಯ ಇಸವಿಯಲ್ಲಿ ಮದುವೆಯಾಗಿ ನಿಜಾಮನ ಸೀಮೆಯ ಆಳಂದಕ್ಕೆ ಬಂದೆ. ನಮ್ಮವರದು ಅರಿವೆ ಅಂಗಡಿ. ಓಣಿಯವರೆಲ್ಲ ಚಹಾದವರು, ಕಾಫಿಯವಳು ನಾನೊಬ್ಬಳೇ. ಅದೂ ನಡೆದುಹೋಗುತ್ತಿತ್ತು, ಅಷ್ಟರಲ್ಲಿ ಮನೆಯ ಎಮ್ಮೆ ಈಯಿತು. ಎಮ್ಮೆ ಸುಖವಾಗಿ ಈದರೆ ಹಾಲು ಘತ್ತರಗಿ ಭಾಗ್ಯವಂತಿಗೆ ಮೀಸಲು ಎಂದು ಅತ್ತೆ ಬೇಡಿಕೊಂಡಿದ್ದರು. ಆ ಹಾಲಿನ ತುಪ್ಪ ದೇವಿಗೆ ಮುಟ್ಟುವ ತನಕ ಮನೆಯವರು ಒಂದು ಹನಿಯನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಬೇರೆ ಕಾಲದಲ್ಲಾದರೆ ಹದಿನೈದು ದಿನದ ಮಾತು. ಅದು ರಜಾಕಾರರ ಗದ್ದಲದ ಕಾಲ, ಘತ್ತರಗಿಗೆ ಹೋಗುವ ಅಫಜಲಪುರದ ದಾರಿಯಲ್ಲಿ ಹೆಂಗಸರನ್ನು ಬಂಡಿಯಲ್ಲಿ ಕರೆದೊಯ್ಯಲು ಮಾವ ಒಪ್ಪಲಿಲ್ಲ. ತುಪ್ಪದ ಗಡಿಗೆ ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ನಾಲ್ಕಾಯಿತು.

"ಹೊರಗಿಂದ ಒಂದೀಟು ಹಾಲು ತರಸ್ಲೇನ್ರಿ ಅತ್ತಿ?" ಎಂದು ಕೇಳಿದೆ.

"ಮನ್ಯಾಗ ಹಿಂಡೋ ಎಮ್ಮಿ ಇಟ್ಕೊಂಡು ಹೊರಗಿನ ಹಾಲು ಕುಡದ್ರ ಎಮ್ಮಿ ಏನ್ ತಿಳ್ಕೊತದ ಬೇ?" ಎಂದರು.

ಎಮ್ಮೆಯ ಮನಸ್ಸು ನೋಯಿಸಬಾರದೆಂದು ನಾನು ಹಾಲು ಬಿಟ್ಟೆ. ಬೇಸಿಗೆ ಬಂದ ಮೇಲೆ ಬಿಸಿಯನ್ನೂ ಬಿಟ್ಟೆ. ಡಿಕಾಕ್ಷನ್ನು ಬಟ್ಟೆಯಲ್ಲಿ ಸೋಸಿ, ಬೆಲ್ಲ ಕರಗಿಸಿ, ಚೂರು ಒಣಶುಂಠಿ ಜಜ್ಜಿ ಹಾಕಿ, ಒದ್ದೆ ಉಸುಕಿನ ಮೇಲೆ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗುತ್ತಿತ್ತು.

ಆದರೆ ಮನೆಯ ನಿಜವಾದ ಚಿಂತೆ ನನ್ನ ನಾದಿನಿಯದು. ಜೇವರ್ಗಿಯ ಒಂದು ಮನೆಯವರು ಆಕೆಯನ್ನು ನೋಡಲು ಬರುವವರಿದ್ದರು. ಹುಡುಗನನ್ನು ಆಕೆ ಯಾರದೋ ಮದುವೆಯಲ್ಲಿ ನೋಡಿದ್ದಳು, ಮನಸ್ಸಿಗೆ ಬಂದಿದ್ದ. ಅದನ್ನು ನನಗೊಬ್ಬಳಿಗೇ ಹೇಳಿದ್ದಳು. ಅತ್ತೆ ನನಗೆ ಮೊದಲೇ ತಾಕೀತು ಮಾಡಿದರು: "ನಿನ್ನ ಕರಿ ನೀರಿನಿಂದ ಈ ಸಂಬಂಧ ಏನರ ತಪ್ಪಿತೋ, ಡಬ್ಬಿ ಬಾಂವ್ಯಾಗ ಒಗೀತೇನಿ ನೋಡು."

ನಿದ್ದೆಯ ಔಷಧ

ಓಣಿಯ ಹೆಂಗಸರಿಗೆ ಹೊಟ್ಟೆನೋವು, ತಲೆನೋವಿಗೆ ಅತ್ತೆಯೇ ವೈದ್ಯರು. ಒಂದು ದಿನ ಪಕ್ಕದ ಮನೆಯಾಕೆ ಬಂದು, "ನಮ್ಮ ಮನಿಯವರು ಮುಂಜಾನಿಂದ ಸಂಜಿತನಕ ಬರೇ ಮಲಗ್ತಾರ್ರಿ, ಏನರ ಔಷಧ ಕೊಡ್ರಿ" ಎಂದಳು. ಅತ್ತೆ ಸುತ್ತ ನೋಡಿದರು. ಉಸುಕಿನ ಮೇಲೆ ನನ್ನ ಕಾಫಿ ಇತ್ತು. ಕರ್ರಗೆ ಇದೆ, ಕಹಿ ಇದೆ, ಶುಂಠಿ ಇದೆ. ಔಷಧಕ್ಕೆ ಇನ್ನೇನು ಬೇಕು? ಚರಿಗೆ ತುಂಬ ಕೊಟ್ಟು, ದಿನಕ್ಕೆ ಎರಡು ಸಲ ಎಂದು ಪ್ರಮಾಣವನ್ನೂ ಹೇಳಿ ಕಳಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚರಿಗೆ ಅಂಗಳ ದಾಟಿತ್ತು.

ಮೂರನೆಯ ದಿನ ಆಕೆ ಓಡೋಡಿ ಬಂದಳು. ಗುಣ ಬಂತೇನು ಎಂದು ಅತ್ತೆ ಕೇಳಿದರು.

"ಗುಣ ಬಂತ್ರಿ. ಕಣ್ಣು ಮುಚ್ಚವಲ್ರು. ಒಲೀ ಮುಂದ ಬಂದು ಕೂತು, ಈ ರೊಟ್ಟಿ ದಪ್ಪಾತು, ಆ ರೊಟ್ಟಿ ಸುಟ್ಟಿತು ಅಂತ ಹಗಲೆಲ್ಲಾ ಕಾಡಾಕತ್ತಾರ. ಕೈ ಮುಗೀತೇನ್ರಿ, ಮೊದಲಿನಂಗ ಮಲಗೋ ಔಷಧ ಕೊಡ್ರಿ."

ಸೋಮವಾರದ ಪೂಜೆ

ಚರಿಗೆಯಲ್ಲಿಟ್ಟರೆ ಅತ್ತೆ ದಾನ ಮಾಡುತ್ತಾರೆಂದು ನಾನು ಕಾಫಿಯನ್ನು ಒಂದು ತಾಮ್ರದ ಗಿಂಡಿಗೆ ಹಾಕಿ, ದೇವರ ಕೋಣೆಯ ಮೂಲೆಯಲ್ಲಿ ಇಡತೊಡಗಿದೆ. ಮನೆಯಲ್ಲಿ ಅಷ್ಟು ತಂಪಾದ ಜಾಗ ಬೇರೆ ಇರಲಿಲ್ಲ. ಸೋಮವಾರ ಸೋಮವಾರ ಮಠದ ಅಯ್ಯನವರು ಬರುತ್ತಾರೆ, ಮಾವ ಅವರ ಪಾದ ತೊಳೆದು ಆ ಪಾದೋದಕವನ್ನು ಭಕ್ತಿಯಿಂದ ಸೇವಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆ ದಿನ ಸೋಮವಾರ ಎಂಬುದು ಮಾತ್ರ ಮರೆತುಹೋಗಿತ್ತು.

ಮಾವ ಕಣ್ಣು ಮುಚ್ಚಿ ಮಂತ್ರ ಹೇಳುತ್ತ ಕೈಗೆ ಸಿಕ್ಕ ಗಿಂಡಿ ಎತ್ತಿ ಪಾದಕ್ಕೆ ಸುರಿದರು. ಅಯ್ಯನವರು ತಮ್ಮ ಕಾಲು ನೋಡಿಕೊಂಡರು, ನಮ್ಮನ್ನು ನೋಡಿದರು, ಮತ್ತೆ ಕಾಲು ನೋಡಿಕೊಂಡರು. ಮಂತ್ರದ ನಡುವೆ ಮಾತಾಡುವ ಹಾಗಿಲ್ಲ. ಮಾವ ಕಣ್ಣು ಮುಚ್ಚಿಕೊಂಡೇ ಮೂರು ಸಲ ಸೇವಿಸಿದರು. ಎಂದಿಗಿಂತ ಒಂದು ಸಲ ಹೆಚ್ಚಿಗೆಯೇ ಸೇವಿಸಿ ಕಣ್ಣು ಬಿಟ್ಟರು.

"ಇವತ್ತು ಸಿಹಿ ಆಗೇದಲ್ಲ ಅಯ್ಯಾರ!"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಯ ಕಣ್ಣು ಆಗಲೇ ಬಾವಿಯ ಕಡೆ ಹೋಗಿತ್ತು. ಅಯ್ಯನವರು ಮಾತ್ರ ಗಿಂಡಿಯೊಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿ, "ಉಳದದ್ದಿದ್ರ ನನಗೂ ಒಂದೀಟು ಕೊಡವಾ. ಕಾಲಿಗಿ ಬ್ಯಾಡ, ಕೈಯಾಗ ಕೊಡು" ಎಂದರು.

ನಾಕಾದಲ್ಲಿ ಬರ್ಫ

ಜೇವರ್ಗಿಯವರು ಬರುವ ದಿನ ಗೊತ್ತಾಯಿತು. ಹಾಲಿಲ್ಲದ ಚಹಾ ಕೊಟ್ಟರೆ ದರಿದ್ರದ ಮನೆ ಅಂದುಕೊಳ್ಳುತ್ತಾರೆಂದು ಅತ್ತೆಗೆ ಊಟ ಸೇರದಾಯಿತು. ನಾನೇ ಧೈರ್ಯ ಮಾಡಿ, "ಕಾಫಿಗೆ ಬರ್ಫ ಹಾಕಿ ಕೊಡೋಣ್ರಿ. ಬರ್ಫ ಹಾಕಿದ್ದಕ್ಕ ಯಾರೂ ಹಾಲು ಕೇಳಂಗಿಲ್ಲ" ಎಂದೆ. ಬೇರೆ ದಾರಿಯಿಲ್ಲದೆ ಒಪ್ಪಿದರು.

ಸಾಮಾನು ತರಲು ಸೊಲ್ಲಾಪುರಕ್ಕೆ ಹೋಗಿದ್ದ ನಮ್ಮವರು, ಕಟ್ಟಿಗೆಯ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಕೂಸಿನಷ್ಟು ದೊಡ್ಡ ಮಂಜುಗಡ್ಡೆ ಕಟ್ಟಿಸಿಕೊಂಡು ಬಂದರು. ಗಡಿಯ ಸುಂಕದ ನಾಕಾದಲ್ಲಿ ಸಿಪಾಯಿ ತಡೆದ. ಅವನ ಕೈಯಲ್ಲಿ ಎರಡು ಪಟ್ಟಿ: ಬಿಡುವ ಸಾಮಾನಿನದು ಒಂದು, ಹಿಡಿಯುವ ಸಾಮಾನಿನದು ಒಂದು. ಬರ್ಫದ ಹೆಸರು ಎರಡರಲ್ಲೂ ಇರಲಿಲ್ಲ.

"ಸಾಹೇಬರನ್ನ ಕೇಳಬೇಕ್ರಿ."

"ಕೇಳ್ರಿ, ಲಗೂ ಕೇಳ್ರಿ."

"ಊಟಕ್ಕ ಕೂತಾರ್ರಿ."

ಸಾಹೇಬರು ಉಂಡರು, ಕೈ ತೊಳೆದರು, ಎಲೆ ಅಡಿಕೆ ಹಾಕಿಕೊಂಡರು, ಬಂದರು. ಅಷ್ಟರಲ್ಲಿ ಚೀಲದ ಕೆಳಗೆ ಸಣ್ಣ ಹಳ್ಳವೇ ಹರಿಯುತ್ತಿತ್ತು. ಚೀಲ ಬಿಚ್ಚಿಸಿ ನೋಡಿದರೆ ತೆಂಗಿನಕಾಯಿಯಷ್ಟು ಉಳಿದಿತ್ತು. ಸಾಹೇಬರು ಬಹಳ ಹೊತ್ತು ಯೋಚಿಸಿದರು. ಅವರು ಯೋಚಿಸಿದಷ್ಟೂ ಅದು ಕರಗಿತು. ಕಡೆಗೆ ಚೀಟಿಯ ಮೇಲೆ ಬರೆದು ಸಹಿ ಹಾಕಿದರು: "ಹಸಿ ಚೀಲ, ಒಂದು. ಬಿಡತಕ್ಕದ್ದು."

ಜೇವರ್ಗಿಯವರು ಬಂದರು

ಹುಡುಗನ ತಂದೆ, ಹುಡುಗ, ಜೊತೆಗೆ ಇಬ್ಬರು ಹಿರಿಯರು. ಜಮಖಾನೆಯ ಮೇಲೆ ಕೂತರು. ಹೊಟ್ಟಿನಲ್ಲಿ ಉಳಿದಿದ್ದ ಬರ್ಫ ಒಡೆದು, ಒಬ್ಬೊಬ್ಬರಿಗೆ ಒಂದೊಂದು ಚೂರು ಹಾಕಿ ಕಾಫಿ ಕೊಟ್ಟೆವು. ಯಾರೂ ಹಾಲು ಕೇಳಲಿಲ್ಲ. ಬಾಗಿಲ ಹಿಂದೆ ಅತ್ತೆ ನನ್ನ ಕೈ ಹಿಸುಕಿದರು.

ಹುಡುಗನ ತಂದೆ ಬರ್ಫ ಕಂಡದ್ದು ಅದೇ ಮೊದಲು. ಎರಡು ಬೆರಳಲ್ಲಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅತ್ತಿತ್ತ ನೋಡಿದರು. ಯಾರೂ ತಮ್ಮ ಕಡೆ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಅಂಗಿಯ ಬಗಲ ಕಿಸೆಗೆ ಇಳಿಬಿಟ್ಟರು. ಊರಲ್ಲಿ ಹೆಂಡತಿಗೆ ತೋರಿಸಬೇಕೆಂಬ ಆಸೆ ಎಂದು ಆಮೇಲೆ ಅವರೇ ಹೇಳಿದರು.

ಆಳಂದದ ಬೇಸಿಗೆ. ಕಿಸೆಯಿಂದ ನೀರು ಇಳಿಯತೊಡಗಿತು. ಬಿಳಿ ಧೋತರ ತೊಡೆಯ ಬಳಿ ತೊಯ್ದಿತು, ಜಮಖಾನೆಯ ಮೇಲೂ ಹರಡಿತು. ಪಾಪ, ಆ ದೊಡ್ಡ ಮನುಷ್ಯರ ಪಾಡು ಬಾಗಿಲ ಹಿಂದಿದ್ದ ನಮಗೆ ಆಗ ಕಾಣಲಿಲ್ಲ. ಅದೇ ಹೊತ್ತಿಗೆ ಮಾವ ಎದ್ದು ನಿಂತು ಕೈ ಮುಗಿದರು.

"ಏಳ್ರಿ, ಊಟಕ್ಕ ನಡೀರಿ."

ಎಲ್ಲರೂ ಎದ್ದರು, ಅವರು ಏಳಲಿಲ್ಲ. "ಇರ್ಲಿ, ತಡೀರಿ" ಎಂದರು. ಮಾವ ಮತ್ತೊಮ್ಮೆ ಕರೆದರು. ಅವರು ಮತ್ತೊಮ್ಮೆ ತಡೀರಿ ಎಂದರು. ಹುಡುಗಿ ನೋಡಲು ಬಂದವರು ಊಟಕ್ಕೆ ಏಳಲಿಲ್ಲವೆಂದರೆ ಹುಡುಗಿ ಒಪ್ಪಿಗೆಯಿಲ್ಲ ಎಂದೇ ಅರ್ಥ. ಮಾವನ ಮುಖ ಕಪ್ಪಿಟ್ಟಿತು. ಅತ್ತೆ ನನ್ನ ಕೈ ಬಿಟ್ಟರು.

ಆಗ ನಾದಿನಿ ಒಳಗಿಂದ ಬಂದು ಹಿರಿಯರ ಕಾಲಿಗೆ ಬೀಳಲು ಬಗ್ಗಿದಳು. ಬಗ್ಗಿದವಳಿಗೆ ಎಲ್ಲವೂ ಕಂಡಿತು. ಎದ್ದು, ಹುಡುಗನ ತಂದೆಯ ಪಕ್ಕದಲ್ಲಿದ್ದ ಕಾಫಿ ತುಂಬಿದ ವಾಟಗ ಎತ್ತಿ, ಅವರ ತೊಡೆಯ ಮೇಲೆ ನೆಟ್ಟಗೆ ಸುರಿದುಬಿಟ್ಟಳು.

"ತಪ್ಪಾತ್ರಿ ಮಾವನೋರ, ಕೈ ಜಾರ್ತು!"

ಅತ್ತೆ ಅಲ್ಲೇ ಕುಸಿದು ಕೂತರು. ಆದರೆ ಹುಡುಗನ ತಂದೆ ಚಂಗನೆ ಎದ್ದು ನಿಂತು, ಮನೆಯವರಿಗೆಲ್ಲ ಕೇಳುವಂತೆ, "ಅಯ್ಯಯ್ಯ, ಧೋತ್ರ ಪೂರಾ ತೊಯ್ತಲ್ಲ!" ಎಂದು ನಕ್ಕರು. ಅಷ್ಟು ಖುಷಿಯಿಂದ ಧೋತರ ತೊಯ್ಯಿಸಿಕೊಂಡವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಮಾವನ ಧೋತರ ಉಟ್ಟು, ಹೊಟ್ಟೆ ತುಂಬ ಉಂಡು, ಹೊರಡುವಾಗ ಒಳಬಾಗಿಲಿಗೆ ಬಂದು ಅತ್ತೆಗೆ ಕಿಸೆಯ ಸಂಗತಿಯನ್ನೆಲ್ಲ ಹೇಳಿದರು. "ಮಂದೀ ಮುಂದ ನನ್ನ ಮಾನಾ ಕಾಯ್ದಾಳ್ರಿ. ಈ ಹುಡುಗಿನ ಬೇಕು ನಮ್ಮ ಮನಿಗಿ" ಎಂದರು. ನಾದಿನಿ ಒಲೆಯ ಮುಂದೆ ಕೂತು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಕಿಸೆಯ ಸಂಗತಿ ನಾವು ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೂ ಅಲ್ಲ. ಹುಡುಗಿ ಕಾಫಿ ಚೆಲ್ಲಿದಳು, ಸಂಬಂಧ ಕೂಡಿತು ಎಂಬುದಷ್ಟೇ ಊರಿಗೆ ಗೊತ್ತಾಯಿತು. ವಾರ ಕಳೆದಿರಲಿಲ್ಲ, ಹಿಂದಿನ ಓಣಿಯಿಂದ ವಯಸ್ಸಿಗೆ ಬಂದ ಮಗಳಿದ್ದ ತಾಯಿಯೊಬ್ಬಳು ನಮ್ಮ ಮನೆಗೆ ಬಂದಳು. ಅತ್ತೆಯ ಪಕ್ಕ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಕೇಳಿದಳು:

"ನಾಳಿಗಿ ನಮ್ಮ ಹುಡುಗೀನ ನೋಡಾಕ ಬರ್ತಾರ್ರಿ ಯಕ್ಕಾ. ಪೂರಾ ವಾಟಗ ಚೆಲ್ಲಬೇಕೋ, ಅರ್ಧಾ ಚೆಲ್ಲಿದ್ರ ಸಾಕೋ?"